ಕಟ್ಟೆ ತುಂಬಿದ ವರ್ಷವೇ ಬರದ ಲೆಕ್ಕ

ಜುಲೈ ತಿಂಗಳ ಬೆಳಗ್ಗೆ ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ಟೀ ಅಂಗಡಿಗಳಲ್ಲಿ ಪತ್ರಿಕೆ ಕೈಗೆ ಬಂದೊಡನೆ ಜನ ತಲೆಬರಹ ಬಿಟ್ಟು ಒಳಪುಟದ ಒಂದು ಸಣ್ಣ ಚೌಕ ಹುಡುಕುತ್ತಾರೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಪತ್ರಿಕೆ ಸಿಗದವರು ಬೆಂಚಿನ ಆ ತುದಿಯಿಂದಲೇ ಕೂಗುತ್ತಾರೆ: ‘ಕಟ್ಟೆ ಎಷ್ಟಾಗದಣ್ಣ?’ ‘ನೂರಾ ಎಂಟು. ಕೊಡಗಲ್ಲಿ ಹುಯ್ತಾ ಅದೆ, ಇನ್ನೂ ಏರ್ತದೆ.’ ಈ ಎರಡು ಮಾತಿನ ಮೇಲೆ ಭತ್ತದ ಒಟ್ಲು ಬಿಡಬೇಕೊ, ಇನ್ನೊಂದು ವಾರ ಕಾಯಬೇಕೊ ಎಂಬುದು ತೀರ್ಮಾನವಾಗುತ್ತದೆ. ಸಾಲ ತರುವುದು, ಗೊಬ್ಬರ ಕೊಳ್ಳುವುದು, ಕೂಲಿಯವರಿಗೆ ಹೇಳಿಡುವುದು ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ನೂರು ಕಿಲೋಮೀಟರ್ ಆಚೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರು ಈ ಚೌಕವನ್ನು ನೋಡುವುದು ಅಪರೂಪ. ಆದರೆ ಅವರ ನಲ್ಲಿಯ ನೀರೂ ಅದೇ ಅಂಕಿಗೆ ಕಟ್ಟುಬಿದ್ದಿದೆ. ಇನ್ನೂ ಕೆಳಗೆ, ತಂಜಾವೂರಿನ ಬಯಲಿನ ರೈತನೂ ಅದೇ ಅಂಕಿಗೆ ಕಾಯುತ್ತಿರುತ್ತಾನೆ.

ಕಾವೇರಿ ಎಂದರೆ ಜಗಳ ಎಂಬುದು ಎಲ್ಲರಿಗೂ ಗೊತ್ತು. ಜಲಾಶಯವನ್ನು ದಿನದಿನವೂ ನಡೆಸುವುದು ಹೇಗೆ, ಬರ ಬಂದಾಗ ಯಾರ ಪಾಲು ಎಷ್ಟು ಕಡಿತವಾಗಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಅಡಿ ಬೇರೆ, ನೀರು ಬೇರೆ

ಮೊದಲು ಆ ಚೌಕವನ್ನು ಓದುವುದು ಕಲಿಯೋಣ. ಕೃಷ್ಣರಾಜಸಾಗರದ (ಕೆಆರ್‌ಎಸ್, ಜನರ ಬಾಯಲ್ಲಿ ಕನ್ನಂಬಾಡಿ ಕಟ್ಟೆ) ಗರಿಷ್ಠ ಮಟ್ಟ 124.80 ಅಡಿ. ಅಷ್ಟು ತುಂಬಿದಾಗ ಅದರಲ್ಲಿರುವುದು 49.45 ಟಿಎಂಸಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದಾಜು 2,830 ಕೋಟಿ ಲೀಟರ್. ಕ್ಯುಸೆಕ್ ಎಂಬುದು ಹರಿವಿನ ಅಳತೆ: ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಸುಮಾರು 11,500 ಕ್ಯುಸೆಕ್ ನೀರು ಒಂದು ಹಗಲು, ಒಂದು ರಾತ್ರಿ ಹರಿದರೆ ಒಂದು ಟಿಎಂಸಿ ಆಗುತ್ತದೆ.

ಅಡಿಯ ಲೆಕ್ಕ ಸುಲಭವಾಗಿ ದಾರಿ ತಪ್ಪಿಸುತ್ತದೆ. ಕಟ್ಟೆಯಲ್ಲಿ 100 ಅಡಿ ನೀರಿದೆ ಎಂದರೆ ಐದರಲ್ಲಿ ನಾಲ್ಕು ಪಾಲು ತುಂಬಿದೆ ಅನ್ನಿಸುತ್ತದೆ. ನಿಜದಲ್ಲಿ ಆಗ ಅರ್ಧದಷ್ಟೂ ನೀರಿರುವುದಿಲ್ಲ. ಹಿನ್ನೀರು ಮೇಲೇರಿದಂತೆ ಅಗಲಕ್ಕೆ ಹರಡಿಕೊಳ್ಳುವುದರಿಂದ, ಕೊನೆಯ 25 ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು ನೀರು ಕೂತಿರುತ್ತದೆ. ತಳದ ನೀರೆಲ್ಲ ಬಳಕೆಗೆ ಸಿಗುವುದೂ ಇಲ್ಲ. ನಾಲೆಯ ತೂಬಿನ ಬಾಯಿಗಿಂತ ಮಟ್ಟ ಕೆಳಗಿಳಿದರೆ ನೀರು ಕಣ್ಣಿಗೆ ಕಂಡರೂ ಗದ್ದೆಗೆ ಹರಿಯದು.

ಕಾವೇರಿ ಕೊಳ್ಳದಲ್ಲಿ ಕರ್ನಾಟಕಕ್ಕೆ ಮುಖ್ಯವಾದ ಜಲಾಶಯಗಳು ನಾಲ್ಕು: ಕೆಆರ್‌ಎಸ್, ಗೊರೂರಿನ ಹೇಮಾವತಿ (37.10 ಟಿಎಂಸಿ), ಕಬಿನಿ (19.52) ಮತ್ತು ಹಾರಂಗಿ (8.5). ನಾಲ್ಕೂ ತುಂಬಿದರೆ ಸುಮಾರು 114 ಟಿಎಂಸಿ. ಕೆಳಗೆ ತಮಿಳುನಾಡಿನ ಮೆಟ್ಟೂರು ಒಂದೇ 93.47 ಟಿಎಂಸಿ ಹಿಡಿಯುತ್ತದೆ.

ಎರಡು ರಾಜ್ಯ, ಎರಡು ಮಳೆ

ಕಾವೇರಿಗೆ ಹಿಮದ ಆಸರೆಯಿಲ್ಲ. ಕೊಡಗು, ಹಾಸನ ಮತ್ತು ವಯನಾಡಿನ ಘಟ್ಟಗಳ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮುಂಗಾರೇ ಕರ್ನಾಟಕದ ಜಲಾಶಯಗಳ ಮೂಲ ಗಳಿಕೆ. ನಾಲ್ಕು ತಿಂಗಳು ಗಳಿಸಿದ್ದನ್ನು ಹನ್ನೆರಡು ತಿಂಗಳು ಉಣ್ಣಬೇಕು. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ರಾಗಿ ತುಂಬಿಡುತ್ತಿದ್ದ ಹಗೇವು ಇದ್ದಂತೆ ಕಟ್ಟೆ: ಎಷ್ಟು ಒಳಗಿದೆ ಎಂಬುದಕ್ಕಿಂತ ಮುಂದಿನ ಸುಗ್ಗಿ ಎಷ್ಟು ದೂರವಿದೆ ಎಂಬುದನ್ನು ನೋಡಿ ಬಾಯಿ ತೆಗೆಯಬೇಕು.

ತಮಿಳುನಾಡಿನ ಕಾವೇರಿ ಬಯಲಿಗೆ ಮುಖ್ಯ ಮಳೆ ತರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು. ಆದರೆ ಅಲ್ಲಿಯ ಅಲ್ಪಾವಧಿ ಭತ್ತವಾದ ಕುರುವೈಗೆ ಮೆಟ್ಟೂರಿನಿಂದ ನೀರು ಬಿಡುವ ವಾಡಿಕೆಯ ದಿನ ಜೂನ್ 12. ಆ ಹೊತ್ತಿಗೆ ನಮ್ಮಲ್ಲಿ ಮುಂಗಾರು ಈಗಷ್ಟೇ ಕಾಲಿಟ್ಟಿರುತ್ತದೆ, ಕಟ್ಟೆಗಳು ವರ್ಷದಲ್ಲೇ ಅತಿ ಬರಿದಾಗಿರುತ್ತವೆ. ಅಲ್ಲಿನ ಪ್ರಾಚೀನ ಅಣೆಕಟ್ಟೆ ಕಲ್ಲಣೆಯ ಕಾಲದಿಂದಲೂ ಈ ನದಿಯನ್ನೇ ನಂಬಿ ಬೆಳೆದ ಬಯಲು ಅದು. ಹಾಗಾಗಿ ಅವರ ಆತಂಕ ಪೊಳ್ಳಲ್ಲ, ನಮ್ಮದೂ ಅಲ್ಲ. ಎರಡು ಪಂಚಾಂಗಗಳು ಒಂದೇ ನದಿಯಲ್ಲಿ ಎದುರುಬದುರಾಗುತ್ತವೆ. ಮುಂಗಾರು ಹದವಾಗಿ ಬಂದ ವರ್ಷ ಇದು ಯಾರಿಗೂ ತಿಳಿಯುವುದಿಲ್ಲ. ಹದಿನೈದು ದಿನ ತಡವಾದರೆ ಮಾತ್ರ ಬೀದಿಗೆ ಬರುತ್ತದೆ.

ತುಂಬಿಸುವುದೊ, ಜಾಗ ಬಿಡುವುದೊ

ಜಲಾಶಯ ನಡೆಸುವ ಎಂಜಿನಿಯರಿಗೆ ಬರದ ಭಯ ಒಂದು ಕಡೆ, ಪ್ರವಾಹದ ಭಯ ಇನ್ನೊಂದು ಕಡೆ. ಜುಲೈನಲ್ಲೇ ಪೂರ್ತಿ ತುಂಬಿಸಿಟ್ಟರೆ ಆಗಸ್ಟ್‌ನಲ್ಲಿ ಘಟ್ಟದಿಂದ ನೆರೆ ಬಂದಾಗ ತಡೆಯಲು ಜಾಗವಿರುವುದಿಲ್ಲ. ಗೇಟುಗಳನ್ನು ಒಮ್ಮೆಲೇ ಎತ್ತಬೇಕಾಗುತ್ತದೆ, ಶ್ರೀರಂಗಪಟ್ಟಣ, ಕೊಳ್ಳೇಗಾಲದ ಕಡೆಯ ತಗ್ಗು ಊರುಗಳಿಗೆ ನೀರು ನುಗ್ಗುತ್ತದೆ. ನೆರೆಗೆ ಹೆದರಿ ಜಾಗ ಬಿಟ್ಟರೆ, ಆಮೇಲೆ ಮಳೆ ಕೈಕೊಟ್ಟಾಗ ಬಿಟ್ಟ ನೀರು ಹಿಂದಿರುಗಿ ಬರುವುದಿಲ್ಲ.

ಇದಕ್ಕಾಗಿಯೇ ಯಾವ ತಿಂಗಳ ಕೊನೆಗೆ ಎಷ್ಟು ಮಟ್ಟ ಇರಬೇಕು ಎಂದು ಮೊದಲೇ ಗೆರೆ ಹಾಕಿಕೊಳ್ಳುವ ಕ್ರಮವಿದೆ. ಆ ಗೆರೆ ಹಳೆಯ ವರ್ಷಗಳ ಮಳೆಯನ್ನು ನೋಡಿ ಎಳೆದದ್ದು. ಈಗಿನ ಮಳೆಯ ಬಗೆಯೇ ಬೇರೆ: ವಾರಗಟ್ಟಲೆ ಜಡಿ ಹಿಡಿದು ಸುರಿಯುತ್ತಿದ್ದುದು ನಾಲ್ಕು ದಿನದಲ್ಲಿ ಸುರಿದು ಮುಗಿಯುತ್ತದೆ.

ಕಬಿನಿಯ ಕಷ್ಟ ಇನ್ನೊಂದು ಬಗೆಯದು. ವಯನಾಡಿನ ಮಳೆ ದೊಡ್ಡದು, ಕಟ್ಟೆ ಚಿಕ್ಕದು. ಹೀಗಾಗಿ ಅದು ಬೇಗ ತುಂಬುತ್ತದೆ, ಬೇಗ ಕೋಡಿ ಬೀಳುತ್ತದೆ. ಕಬಿನಿ ಕಾವೇರಿಯನ್ನು ಸೇರುವುದು ಕೆಆರ್‌ಎಸ್‌ಗಿಂತ ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ. ಅದರ ಹೆಚ್ಚುವರಿ ನೀರನ್ನು ಕನ್ನಂಬಾಡಿಯಲ್ಲಿ ಹಿಡಿದಿಡಲು ದಾರಿಯಿಲ್ಲ. ಗಡಿಯಲ್ಲಿರುವ ಬಿಳಿಗುಂಡ್ಲುವಿನ ಮಾಪನ ಕೇಂದ್ರವನ್ನು ದಾಟಿ ಅದು ಮೆಟ್ಟೂರಿಗೆ ಹೋಗುತ್ತದೆ.

740ರ ಒಳಗೇ ಇರುವ ಕೊರತೆ

ಹಂಚಿಕೆಯ ಕತೆ 1892 ಮತ್ತು 1924ರ ಮದ್ರಾಸ್-ಮೈಸೂರು ಒಪ್ಪಂದಗಳಿಂದ ಶುರುವಾಗುತ್ತದೆ. 1990ರಲ್ಲಿ ನೇಮಕವಾದ ನ್ಯಾಯಮಂಡಳಿ 1991ರಲ್ಲಿ ಮಧ್ಯಂತರ ಆದೇಶ, 2007ರ ಫೆಬ್ರುವರಿ 5ರಂದು ಅಂತಿಮ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಅದನ್ನು ತಿದ್ದಿತು. ಈಗಿನ ಲೆಕ್ಕ ಹೀಗಿದೆ: ತಮಿಳುನಾಡಿಗೆ 404.25 ಟಿಎಂಸಿ, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಕರ್ನಾಟಕ ವರ್ಷಕ್ಕೆ 177.25 ಟಿಎಂಸಿ ನೀರನ್ನು ಬಿಳಿಗುಂಡ್ಲುವಿನಲ್ಲಿ ತಲುಪಿಸಬೇಕು. ಅದಕ್ಕೆ ತಿಂಗಳುವಾರು ಪಟ್ಟಿಯಿದೆ. ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಹೀಗೆ ಏರಿ, ಬೇಸಿಗೆಯಲ್ಲಿ ತಿಂಗಳಿಗೆ 2.5ಕ್ಕೆ ಇಳಿಯುತ್ತದೆ.

ಇದೆಲ್ಲದರ ತಳದಲ್ಲಿರುವ ಒಂದು ಅಂಕಿ 740. ಇಡೀ ಕೊಳ್ಳದಲ್ಲಿ ವರ್ಷಕ್ಕೆ 740 ಟಿಎಂಸಿ ನೀರು ಸಿಗುತ್ತದೆ ಎಂದು ನ್ಯಾಯಮಂಡಳಿ ಹಂಚಿದ್ದು ಶೇ 50ರ ಭರವಸೆಯ ಲೆಕ್ಕದಲ್ಲಿ. ಹಾಗೆಂದರೆ, ಹತ್ತು ವರ್ಷಗಳಲ್ಲಿ ಐದು ವರ್ಷ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ಬರಬಹುದು, ಉಳಿದ ಐದು ವರ್ಷ ಕಡಿಮೆ ಬರಬಹುದು. ಕೊರತೆಯ ವರ್ಷ ಎಂಬುದು ಅಪಘಾತವಲ್ಲ, ಹಂಚಿಕೆಯ ಲೆಕ್ಕದಲ್ಲೇ ಅದಕ್ಕೆ ಜಾಗ ಕೊಟ್ಟಾಗಿದೆ.

ಆ ವರ್ಷಗಳಲ್ಲಿ ಏನು ಮಾಡಬೇಕು? ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕು ಎಂದಷ್ಟೇ ತೀರ್ಪು ಹೇಳುತ್ತದೆ. ಕೊರತೆಯನ್ನು ಅಳೆಯುವುದು ಯಾವ ತಾರೀಖಿನಲ್ಲಿ? ಆಗಸ್ಟ್‌ನಲ್ಲೊ, ಮಳೆಗಾಲ ಮುಗಿದ ಮೇಲೊ? ತಮಿಳುನಾಡಿಗೆ ಇನ್ನೂ ಬರಬೇಕಿರುವ ಹಿಂಗಾರನ್ನು ಹೇಗೆ ಲೆಕ್ಕ ಹಾಕುವುದು? ಕುಡಿಯುವ ನೀರನ್ನು ಮೊದಲೇ ತೆಗೆದಿಟ್ಟು ಉಳಿದದ್ದಕ್ಕೆ ಕಡಿತ ಹಾಕುವುದೊ, ಎಲ್ಲಕ್ಕೂ ಸೇರಿಸಿಯೊ? ಎರಡೂ ರಾಜ್ಯ ಒಪ್ಪಿದ ಉತ್ತರ ಇಲ್ಲ. ಪತ್ರಿಕೆಗಳಲ್ಲಿ ನಾವು ಓದುವ ‘ಸಂಕಷ್ಟ ಸೂತ್ರ’ ಇದೇ, ಇನ್ನೂ ಬರೆಯದೆ ಉಳಿದಿರುವ ಸೂತ್ರ.

2023: ಹದಿನೈದು ದಿನದ ತೀರ್ಪುಗಳು

ಸೂತ್ರವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2023 ತೋರಿಸಿತು. ಎಲ್ ನಿನೊ ವರ್ಷ ಅದು. ದೇಶದಲ್ಲಿ 1901ರಿಂದ ದಾಖಲಾದ ಆಗಸ್ಟ್ ತಿಂಗಳುಗಳಲ್ಲೇ ಅತಿ ಒಣ ಆಗಸ್ಟ್ ಆ ವರ್ಷದ್ದು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು, ಆಮೇಲೆ ಆ ಸಂಖ್ಯೆ ಇನ್ನೂ ಏರಿತು. ಮಳೆಗಾಲ ಮುಗಿಯುವ ಮೊದಲೇ ಕನ್ನಂಬಾಡಿಯ ಮಟ್ಟ ನೂರು ಅಡಿಯ ಕೆಳಗೆ ಇಳಿದಿತ್ತು.

ಕಾವೇರಿ ನೀರು ನಿಯಂತ್ರಣ ಸಮಿತಿ ಹಿಂದಿನ 30 ವರ್ಷಗಳ ಸರಾಸರಿ ಒಳಹರಿವಿನ ಜತೆ ಆ ವರ್ಷದ್ದನ್ನು ಹೋಲಿಸಿತು. ಕೊರತೆ ಅರ್ಧಕ್ಕಿಂತ ಹೆಚ್ಚು ಎಂದು ಕಂಡಿತು. ಮೊದಲು ಹದಿನೈದು ದಿನ 10,000 ಕ್ಯುಸೆಕ್, ಆಮೇಲೆ 5,000, ಆಮೇಲೆ 3,000, ನವೆಂಬರ್‌ನಲ್ಲಿ 2,600 ಎಂದು ಆದೇಶಗಳು ಬಂದವು. ಐದು ಸಾವಿರ ಕ್ಯುಸೆಕ್ ಹದಿನೈದು ದಿನ ಹರಿದರೆ ಹೆಚ್ಚುಕಡಿಮೆ ಆರೂವರೆ ಟಿಎಂಸಿ. ಪ್ರತಿ ಆದೇಶಕ್ಕೂ ಒಂದು ಕಡೆಯವರು ಹೆಚ್ಚಾಯಿತೆಂದರೆ, ಇನ್ನೊಂದು ಕಡೆಯವರು ಸಾಲದೆಂದರು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆಯಿತು. 1991, 1995, 2002, 2012, 2016ರಲ್ಲೂ ಹೆಚ್ಚುಕಡಿಮೆ ಹೀಗೇ ಆಗಿತ್ತು. 2016ರಲ್ಲಂತೂ ಕಟ್ಟೆಯ ನೀರು ಕುಡಿಯುವುದಕ್ಕೆ ಮಾತ್ರ ಎಂದು ವಿಧಾನಮಂಡಲವೇ ನಿರ್ಣಯ ಮಾಡಬೇಕಾಯಿತು.

ಹದಿನೈದು ದಿನಕ್ಕೊಮ್ಮೆ ತೀರ್ಪು ಬರುವ ಕಡೆ ಯಾವ ರೈತನೂ ಬೆಳೆ ಯೋಜನೆ ಮಾಡಲಾರ. ಭತ್ತಕ್ಕೆ ಬೇಕಾದದ್ದು ನಾಲ್ಕು ತಿಂಗಳ ಮಾತು, ಕಬ್ಬಿಗೆ ವರ್ಷದ ಮಾತು.

2023-24ರಲ್ಲಿ ಬಿಳಿಗುಂಡ್ಲು ದಾಟಿದ ನೀರು 177.25ರ ಬದಲು ಸುಮಾರು 81 ಟಿಎಂಸಿ. ಅದರ ಹಿಂದಿನ ವರ್ಷ, 2022-23ರಲ್ಲಿ, ಅಲ್ಲಿ ಹರಿದದ್ದು 600 ಟಿಎಂಸಿಗೂ ಹೆಚ್ಚು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾವೇರಿಯ ಈಗಿನ ಸ್ವಭಾವ ತಿಳಿಯುತ್ತದೆ. ಒಂದು ವರ್ಷ ಹಿಡಿಯಲಾಗದಷ್ಟು, ಮರುವರ್ಷ ಹಂಚಲಾಗದಷ್ಟು.

ಬೆಟ್ಟ ಹತ್ತುವ ನೀರು

ಬೇಡಿಕೆಯ ಕಡೆ ಅತಿ ವೇಗವಾಗಿ ಬೆಳೆದದ್ದು ಬೆಂಗಳೂರು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ನಗರ ತಲುಪಿದಾಗ ಅಲ್ಲಿ ಇಪ್ಪತ್ತು ಲಕ್ಷದ ಆಸುಪಾಸು ಜನ. 2011ರ ಜನಗಣತಿಯಲ್ಲಿ ಸುಮಾರು 85 ಲಕ್ಷ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಹಂತದಲ್ಲಿ ನೀರನ್ನು ಪಂಪ್ ಮಾಡಿ ಏರಿಸಬೇಕು. ಜಲಮಂಡಳಿಯ ಕರೆಂಟ್ ಬಿಲ್ಲಿನ ದೊಡ್ಡ ಪಾಲು ಇದಕ್ಕೇ.

ನಾಲ್ಕು ಹಂತ ಸೇರಿ ದಿನಕ್ಕೆ 1,450 ದಶಲಕ್ಷ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ಇನ್ನೂ 775 ಸೇರಿಸಿತು, ನಗರದ ಅಂಚಿನ 110 ಹಳ್ಳಿಗಳಿಗೆಂದು. ಎಲ್ಲವೂ ಪೂರ್ಣ ಬಳಕೆಯಾದರೆ ವರ್ಷಕ್ಕೆ ಹತ್ತಿರ ಹತ್ತಿರ 29 ಟಿಎಂಸಿ. ಕನ್ನಂಬಾಡಿ ಹಿಡಿಯುವ ನೀರಿನ ಅರ್ಧಕ್ಕಿಂತ ಹೆಚ್ಚು. ಗದ್ದೆಯ ಬೇಡಿಕೆಯನ್ನು ಬರದ ವರ್ಷ ಕಡಿಮೆ ಮಾಡಬಹುದು, ಒಂದು ಬೆಳೆ ಬಿಡಬಹುದು. ನಗರದ ಬೇಡಿಕೆ ಬರದಲ್ಲಿ ಇಳಿಯುವುದಿಲ್ಲ, ಬೋರ್‌ವೆಲ್ ಬತ್ತಿದಂತೆ ಏರುತ್ತದೆ. 2024ರ ಬೇಸಿಗೆಯಲ್ಲಿ ಆದದ್ದು ಅದೇ. ಸಾವಿರಾರು ಬೋರ್‌ವೆಲ್‌ಗಳು ಒಣಗಿದವು, ಟ್ಯಾಂಕರ್ ದರಕ್ಕೆ ಸರ್ಕಾರ ಮಿತಿ ಹಾಕಿತು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಬಂತು.

ನಗರಕ್ಕೆ ಬಂದ ನೀರಿನ ಬಹುಪಾಲು ಚರಂಡಿಯಾಗಿ ಹೊರಹೋಗುತ್ತದೆ. ಅದನ್ನು ಸಂಸ್ಕರಿಸಿ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ 2018ರಿಂದ ಕೋಲಾರದ ಕೆರೆಗಳಿಗೆ ಏರಿಸಲಾಗುತ್ತಿದೆ. ಒಂದೇ ನೀರು ಎರಡು ಸಲ ದುಡಿಯುವ ಈ ದಾರಿ ದೊಡ್ಡದಾದಷ್ಟೂ ಕಟ್ಟೆಯ ಮೇಲಿನ ಭಾರ ತಗ್ಗುತ್ತದೆ. ಸಂಸ್ಕರಣೆ ಎಷ್ಟು ಶುದ್ಧವಾಗಿದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸದಾ ತೆರೆದಿಟ್ಟಿರಬೇಕು.

ನಾಲೆಯ ಕೊನೆಯವನ ಪಾಲು

ನೀರಿನ ದೊಡ್ಡ ಪಾಲು ಹೋಗುವುದು ಇನ್ನೂ ಗದ್ದೆಗೇ. ಬೆಳೆಗೆ ನೀರು ಬಿಡುವುದು ಯಾವಾಗ, ಎಷ್ಟು ದಿನ ಎಂಬುದನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿಯ ಸಭೆ. ನೀರು ಕಡಿಮೆಯಿದ್ದಾಗ ಕೆಆರ್‌ಎಸ್‌ನ ವಿಶ್ವೇಶ್ವರಯ್ಯ ನಾಲೆಯಲ್ಲಿ ‘ಕಟ್ಟು ಪದ್ಧತಿ’ ಬರುತ್ತದೆ: ಕೆಲವು ದಿನ ಹರಿಸಿ, ಕೆಲವು ದಿನ ನಿಲ್ಲಿಸಿ, ಸರದಿಯಂತೆ ಕೊಡುವುದು. ಕಾಗದದ ಮೇಲೆ ಸರದಿ ಎಲ್ಲರಿಗೂ ಒಂದೇ. ಆದರೆ ನಾಲೆಯ ಮೇಲ್ಭಾಗದವರು ಪಂಪ್ ಇಟ್ಟು ಎತ್ತಿಕೊಂಡರೆ, ತೂಬನ್ನು ಒಂದು ರಾತ್ರಿ ಹೆಚ್ಚು ತೆರೆದಿಟ್ಟರೆ, ಮದ್ದೂರು, ಮಳವಳ್ಳಿಯ ಕಡೆಯ ಕೊನೆ ಭಾಗದವರಿಗೆ ಬರುವುದು ಕೆಸರು. ರಾಜ್ಯಗಳ ನಡುವೆ ನಡೆಯುವ ಜಗಳ ಒಂದೇ ನಾಲೆಯ ಎರಡು ತುದಿಗಳ ನಡುವೆಯೂ ನಡೆಯುತ್ತದೆ, ಅದು ಸುದ್ದಿಯಾಗುವುದಿಲ್ಲ ಅಷ್ಟೆ.

ಸರದಿಯ ಯೋಚನೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯ ಮುಂಬೈ ಪ್ರಾಂತ್ಯದಲ್ಲಿದ್ದಾಗ ನೀರಾ ನಾಲೆಯಲ್ಲಿ ‘ಬ್ಲಾಕ್’ ಪದ್ಧತಿ ರೂಪಿಸಿದ್ದರು. ಭೂಮಿಯನ್ನು ತುಂಡುಗಳಾಗಿ ವಿಂಗಡಿಸಿ, ಹೆಚ್ಚು ನೀರಿನ ಬೆಳೆ ಮತ್ತು ಕಡಿಮೆ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಯುವುದು ಅದರ ತಿರುಳು. ನೀರು ಹೆಚ್ಚು ಊರುಗಳಿಗೆ ಹಂಚಿಹೋಗುತ್ತದೆ, ಭೂಮಿ ಜೌಗಾಗುವುದು ತಪ್ಪುತ್ತದೆ.

ಬರದ ವರ್ಷ ಅಧಿಕಾರಿಗಳು ‘ಭತ್ತ ಬೇಡ, ಅರೆ ಖುಷ್ಕಿ ಬೆಳೆ ಹಾಕಿ’ ಎನ್ನುತ್ತಾರೆ. ರೈತನ ಉತ್ತರ ಸರಳ: ಕಬ್ಬಿಗೆ ಕಾರ್ಖಾನೆಯಿದೆ, ಭತ್ತಕ್ಕೆ ಮಿಲ್ ಇದೆ, ನೀವು ಹೇಳುವ ಬೆಳೆಯನ್ನು ಕೊಳ್ಳುವವರು ಯಾರು? ಮೈಶುಗರ್ ಕಾರ್ಖಾನೆ 1933ರಿಂದ ಮಂಡ್ಯವನ್ನು ಕಬ್ಬಿನ ಜಿಲ್ಲೆಯಾಗಿ ಕಟ್ಟಿತು. ಅದನ್ನು ಒಂದು ಸುತ್ತೋಲೆ ಬದಲಿಸಲಾರದು. ರಾಗಿ, ದ್ವಿದಳ ಧಾನ್ಯಕ್ಕೆ ಬೀಜ ಮತ್ತು ಖರೀದಿ ಬೆಲೆ ಮೇ ತಿಂಗಳಲ್ಲೇ ಗೊತ್ತಾದರೆ ಮಾತ್ರ ಸಲಹೆಗೆ ಬೆಲೆ.

ಹೂಳು, ಗೇಟು, ಹೊಸ ಕಟ್ಟೆ

ಇರುವ ಕಟ್ಟೆಗಳೇ ಕಿರಿದಾಗುತ್ತಿವೆ. ಕಾವೇರಿ ಕೊಳ್ಳದ ಹೊರಗಿನ ತುಂಗಭದ್ರಾ ಜಲಾಶಯವನ್ನೇ ನೋಡಿ: ಅದು 1953ರ ಹೊತ್ತಿಗೆ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಹಿಡಿಯುವುದು 105.78. ಒಂದು ಮಧ್ಯಮ ಗಾತ್ರದ ಜಲಾಶಯದಷ್ಟು ಜಾಗ ಮಣ್ಣಿನ ಪಾಲಾಗಿದೆ. 2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ, ಮಟ್ಟ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ತುಂಬಿದ ಕಟ್ಟೆಯ ನೀರನ್ನು ಹೊರಬಿಡಬೇಕಾಯಿತು. ಗೇಟಿನ ಸರಪಳಿಯ ನಿರ್ವಹಣೆಯೂ ಬರ ನಿರ್ವಹಣೆಯೇ ಎಂಬುದು ಆ ವಾರ ಮನದಟ್ಟಾಯಿತು.

ಕಾವೇರಿಗೆ ಮರಳಿದರೆ, ಮೇಕೆದಾಟುವಿನಲ್ಲಿ ಸುಮಾರು 67 ಟಿಎಂಸಿಯ ಸಮತೋಲನ ಜಲಾಶಯ ಬೇಕೆಂಬುದು ಕರ್ನಾಟಕದ ವಾದ. ಹೆಚ್ಚು ಮಳೆಯ ವರ್ಷ ಹರಿದುಹೋಗುವ ನೀರನ್ನು ಹಿಡಿದು ಬರದ ವರ್ಷಕ್ಕೆ ಇಡಬಹುದು ಎಂಬ ಮಾತಿನಲ್ಲಿ ತರ್ಕವಿದೆ. ತಮಿಳುನಾಡಿನ ಅನುಮಾನ, ಮುಳುಗುವ ಕಾಡಿನ ಪ್ರಶ್ನೆ ಅದರ ಎದುರಿಗಿವೆ. ಕಟ್ಟೆ ಆಗಲಿ ಬಿಡಲಿ, ಹೊಸ ಕಟ್ಟೆಯೂ ಯಾವ ನಿಯಮದಂತೆ ನಡೆಯಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ನಿಯಮವಿಲ್ಲದೆ ಕಟ್ಟಿದ ಕಟ್ಟೆ ಜಗಳಕ್ಕೆ ಇನ್ನೊಂದು ವಿಷಯವಾಗುತ್ತದೆ.

ಸೂತ್ರ ಬರೆಯುವ ಕಾಲ

2024ರ ಜುಲೈನಲ್ಲಿ ಕನ್ನಂಬಾಡಿ ತುಂಬಿತು. 2025ರಲ್ಲಿ ಜೂನ್ ಮುಗಿಯುವ ಮೊದಲೇ ಬಾಗಿನ ಅರ್ಪಿಸುವಷ್ಟು ಬೇಗ ತುಂಬಿತು. ಕಟ್ಟೆ ತುಂಬಿದೊಡನೆ ಸಂಕಷ್ಟ ಸೂತ್ರದ ಮಾತು ಎಲ್ಲರ ಬಾಯಿಂದಲೂ ಮಾಯವಾಗುತ್ತದೆ. ಬರ ಬಂದಾಗ ಮಾತಾಡೋಣವೆಂದರೆ, ಆಗ ಪ್ರತಿ ಟಿಎಂಸಿಯ ಹಿಂದೆಯೂ ಒಣಗುತ್ತಿರುವ ಬೆಳೆ ಇರುತ್ತದೆ, ಕೂಗುವ ಜನ ಇರುತ್ತಾರೆ. ಬಿಟ್ಟುಕೊಟ್ಟೆ ಎಂದು ಹೇಳುವ ಧೈರ್ಯ ಯಾವ ಮುಖ್ಯಮಂತ್ರಿಗೂ ಬಾರದು. ಯಾರಿಗೂ ಏನೂ ಕಳೆದುಹೋಗದ ವರ್ಷದಲ್ಲಿ ಮಾತ್ರ ಕಳೆದುಕೊಳ್ಳುವ ಲೆಕ್ಕವನ್ನು ತಣ್ಣಗೆ ಕೂತು ಬರೆಯಬಹುದು.

ಬರೆಯಬೇಕಾದದ್ದು ದೊಡ್ಡ ಗ್ರಂಥವೇನಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್ ಕೊನೆಗೆ ನಾಲ್ಕು ಜಲಾಶಯಗಳಲ್ಲಿ ಮತ್ತು ಮೆಟ್ಟೂರಿನಲ್ಲಿ ಇಷ್ಟಿಷ್ಟು ನೀರಿದ್ದರೆ ಯಾರಿಗೆ ಎಷ್ಟು ಕಡಿತ ಎಂಬ ಒಂದು ಪಟ್ಟಿ. ಕುಡಿಯುವ ನೀರನ್ನು ಎರಡೂ ಕಡೆ ಮೊದಲು ಎತ್ತಿಡುವ ಒಪ್ಪಂದ. ಹಿಂಗಾರು ಮುಗಿದ ಮೇಲೆ ಲೆಕ್ಕ ಸರಿದೂಗಿಸುವ ಒಂದು ತಾರೀಖು. ಎರಡೂ ರಾಜ್ಯದ ರೈತರಿಗೆ ಒಂದೇ ದಿನ ಕಾಣುವಂತೆ ತೆರೆದಿಟ್ಟ ಒಳಹರಿವು, ಹೊರಹರಿವಿನ ಅಂಕಿ. ಜತೆಗೆ, ನೀರು ಸಿಗದ ಬೆಳೆಗೆ ಪರಿಹಾರ ಎಷ್ಟು ಎಂಬುದು ಬಿತ್ತುವ ಮೊದಲೇ ಗೊತ್ತಿರುವುದು.

ಸುಪ್ರೀಂ ಕೋರ್ಟ್ ತನ್ನ ಹಂಚಿಕೆ 15 ವರ್ಷ ಬದಲಾಗದು ಎಂದಿದೆ. ಅಂದರೆ 2033ರವರೆಗೆ ಪಾಲಿನ ಅಂಕಿಗಳು ಹೀಗೇ ಇರುತ್ತವೆ. ಅಷ್ಟರೊಳಗೆ ಇನ್ನೊಂದೆರಡು ಬರ ಬರುವುದು ಶೇ 50ರ ಲೆಕ್ಕ ಬಲ್ಲ ಯಾರಿಗೂ ಅಚ್ಚರಿಯಲ್ಲ. ಬಾಗಿನ ಬಿಟ್ಟ ಮರುದಿನವೇ ಎರಡೂ ರಾಜ್ಯದ ಎಂಜಿನಿಯರುಗಳು ಒಂದೇ ಮೇಜಿಗೆ ಕೂತು ಆ ಪಟ್ಟಿಯ ಮೊದಲ ಸಾಲು ಬರೆದರೆ, ಮುಂದಿನ ಬರದಲ್ಲಿ ನೀರು ಕಡಿಮೆಯಾದರೂ ರೈತನಿಗೆ ತನ್ನ ಪಾಲು ಎಷ್ಟೆಂಬುದು ನಾಟಿಗೆ ಮೊದಲೇ ತಿಳಿದಿರುತ್ತದೆ.